ಕೆರೆಯ ಮೂಲೆಗೆ ಇಟ್ಟ ಕಲ್ಲು

ನಮ್ಮ ಊರಿನ ಕೆರೆಗೆ ಬುಧವಾರ ರಜೆ. ಮಂಗಳವಾರ ಸಂಜೆ ಕೊನೆಯ ಬಟ್ಟೆ ಹಿಂಡಿ ನಾವು ಮನೆ ಸೇರಿದರೆ, ಬುಧವಾರ ಮೊದಲ ಕಾಗೆ ಕೂಗುವ ಹೊತ್ತಿಗೆ ಕೆರೆ ತನ್ನ ನಾಲ್ಕು ಮೂಲೆಗಳನ್ನೂ ಎತ್ತಿಕೊಂಡು, ತಂತಿಯಿಂದ ತೆಗೆದ ಒದ್ದೆ ದುಪ್ಪಟಿಯ ಹಾಗೆ ಒಮ್ಮೆ ಮೈ ಕೊಡವಿ, ಏರಿಯ ಮೇಲಿನ ಹುಣಸೆಮರಗಳನ್ನು ಸವರಿಕೊಂಡು ಗುಡ್ಡದಾಚೆಗೆ ಹೊರಟುಹೋಗುತ್ತದೆ. ಮೀನುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತದೆ, ಕಪ್ಪೆಗಳನ್ನು ಬಿಟ್ಟುಹೋಗುತ್ತದೆ. ಅವು ದಿನವಿಡೀ ಮುಖ ಊದಿಸಿಕೊಂಡು ಕೂತಿರುತ್ತವೆ. ಗುರುವಾರ ಅದೇ ಹೊತ್ತಿಗೆ ಕೆರೆ ವಾಪಸು. ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, “ತವರಿಗೆ” ಎನ್ನುತ್ತಾರೆ, ಅಷ್ಟೆ. ಹೆಂಗಸು ತವರಿಗೆ ಹೋದರೆ ಬೆನ್ನು ಹತ್ತಿ ಹೋಗಿ ನೋಡುವ ವಾಡಿಕೆ ನಮ್ಮಲ್ಲಿಲ್ಲ.

ನಮ್ಮದು ಒಗೆಯುವವರ ಊರು. ನಲವತ್ತೆರಡು ಮನೆ, ನಲವತ್ತೆರಡು ಒಗೆಯುವ ಕಲ್ಲು. ಬುಧವಾರಕ್ಕೆ ಎಲ್ಲರೂ ಎಂದೋ ಹೊಂದಿಕೊಂಡಿದ್ದೇವೆ. ಅಂದು ಯಾರೂ ಮದುವೆ ಇಡುವುದಿಲ್ಲ. ಕೆರೆಯೇ ಇಲ್ಲದ ಮೇಲೆ ಗಂಗೆಪೂಜೆ ಎಲ್ಲಿ ಮಾಡುವುದು? ಕೆರೆ ತಲೆಯ ಮೇಲೆ ಹಾದುಹೋಗುವ ಬೀದಿಯವರು ಬೆಳಿಗ್ಗೆ ಕೊಡೆ ಹಿಡಿದೇ ಹಿತ್ತಲಿಗೆ ಹೋಗುತ್ತಾರೆ. ಹಾಲಿನವನ ಹಾಲು ವಾರಕ್ಕೊಮ್ಮೆ ಗಟ್ಟಿಯಾಗುವುದೂ ಅಂದೇ. ಬಿಸಿಲೇರುವ ಮೊದಲು ಮನೆಗೊಬ್ಬರಂತೆ ಖಾಲಿ ಕೆರೆಗೆ ಇಳಿದು ಒಂದು ಮಂಕರಿ ಹೂಳು ಹೊತ್ತು ಹೊಲಕ್ಕೆ ಚೆಲ್ಲಬೇಕು. ಅಮ್ಮ ಊರಿಗೆ ಹೋದಾಗ ಮಕ್ಕಳು ಮನೆ ಗುಡಿಸಿಡುವಂತಹ ಕೆಲಸ ಅದು. ಹೂಳಿನಲ್ಲಿ ಸಿಕ್ಕ ಅಂಗಿಗುಂಡಿಗಳನ್ನು ಪ್ರತಿ ಮನೆಯಲ್ಲೂ ಒಂದು ಡಬ್ಬಿಯಲ್ಲಿ ಕೂಡಿಡುತ್ತಾರೆ. ನಮ್ಮ ಊರಿನ ಗಂಡಸರ ಅಂಗಿಯಲ್ಲಿ ಒಂದು ಗುಂಡಿಯಂತೆ ಇನ್ನೊಂದು ಇರುವುದಿಲ್ಲ.

ನಾನು ಸಣ್ಣತಾಯಮ್ಮ. ಕೆರೆದಂಡೆಯ ಒಗೆಯುವ ಘಾಟಿಗೆ ಬರುವ ಬಟ್ಟೆಗಳ ಅಂಚಿಗೆ ಗೇರುಮಸಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಎರಡು ಚುಕ್ಕೆ ಒಂದು ಗೆರೆಯೆಂದರೆ ಯಾವ ಮನೆ, ಕೊಡಲಿಯಾಕಾರವೆಂದರೆ ಯಾವ ಲಾಡ್ಜು ಎಂಬುದು ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ನನ್ನ ಗಂಡ ಮರಿಯಪ್ಪ ಉಬ್ಬೆಯ ಒಲೆ ನೋಡಿಕೊಳ್ಳುತ್ತಾನೆ. ದೊಡ್ಡ ಹಂಡೆಗಳ ಬಾಯಿಗೆ ಬಟ್ಟೆ ಸುತ್ತಿಟ್ಟು ಹಬೆಯಲ್ಲಿ ಬೇಯಿಸುವ ಕೆಲಸ. ಅವನ ತಾಯಿ ಹೊನ್ನಾಜಮ್ಮ ನನಗೆ ಅಪ್ಪನ ಅಕ್ಕನೂ ಹೌದು, ಅತ್ತೆಯೂ ಹೌದು. ಅವಳು ಎತ್ತಿ ಬಡಿದ ದುಪ್ಪಟಿಯ ಸದ್ದು ಕೇಳಿಯೇ ಊರಿನವರು ಹೊತ್ತು ಹೇಳುತ್ತಿದ್ದರು. ಅವಳ ಕಲ್ಲು ಘಾಟಿನಲ್ಲೆಲ್ಲ ಭಾರವಾದದ್ದು. ಮೂರು ತಲೆಮಾರಿನವರ ಕೈಯಲ್ಲಿ ಸವೆದು ಸವೆದು, ನಡುವೆ ಒಂದು ತೊಟ್ಟಿಲಿನಷ್ಟು ತಗ್ಗು ಬಿದ್ದಿತ್ತು.

ಪದ್ಮನಾಭ ಶೆಣೈ ನಮ್ಮ ಊರಿಗೆ ಬಂದದ್ದು ನಿದ್ದೆಯನ್ನು ಹುಡುಕಿಕೊಂಡು. ಗುಡ್ಡದ ಕೆಳಗಿನ ಪೇಟೆಯಲ್ಲಿ ಅವರಿಗೆ ಮೂರು ಲಾಡ್ಜುಗಳಿದ್ದವು. ಅವರು ಹನ್ನೊಂದು ವರ್ಷದಿಂದ ಸರಿಯಾಗಿ ಮಲಗಿರಲಿಲ್ಲವಂತೆ. ಒಮ್ಮೆ ನಂಟರ ಮನೆಯಲ್ಲಿ ನಮ್ಮ ಘಾಟಿನಲ್ಲಿ ಒಗೆದ ದುಪ್ಪಟಿಯ ಮೇಲೆ ಒರಗಿದವರು ಮರುದಿನ ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಅಂಚಿನ ಗುರುತು ನೋಡಿಕೊಂಡು, ವಿಚಾರಿಸಿಕೊಂಡು, ನೇರವಾಗಿ ನಮ್ಮ ಜಗಲಿಗೆ ಬಂದು ಕೂತರು. ಮೂರು ಲಾಡ್ಜಿನ ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲವೂ ನಮಗೇ ಎಂದರು. ಆರು ತಿಂಗಳಲ್ಲಿ ಮೂರು ಲಾಡ್ಜು ಐದಾದವು. ಇಟ್ಟಿಗೆ ಭಟ್ಟಿಯ ಕೂಲಿಗೆಂದು ಊರು ಬಿಟ್ಟಿದ್ದ ನಾಲ್ಕು ಸಂಸಾರಗಳು ಮರಳಿ ಬಂದು, ಹಾಳುಬಿದ್ದ ಮನೆಗಳ ಬೀಗ ತೆಗೆದವು. ಶಾಲೆಗೆ ಎರಡನೆಯ ಮೇಷ್ಟ್ರು ಬಂದರು. ಸುಳ್ಳೇಕೆ, ಆ ದಿನಗಳಲ್ಲಿ ಗುರುತು ಹಾಕಿ ಹಾಕಿ ನನ್ನ ಬೆರಳು ಕಪ್ಪಾದಷ್ಟೂ ನನಗೆ ಹೆಮ್ಮೆಯೆನಿಸುತ್ತಿತ್ತು.

ಒಂದು ದಿನ ಶೆಣೈಯವರು ಮಾತು ತೆಗೆದರು. “ಎಲ್ಲ ಚೆಂದ ಉಂಟು ತಾಯಮ್ಮ. ಆದರೆ ಈ ಬುಧವಾರದ್ದೊಂದು ತಕರಾರು. ನನ್ನ ಅತಿಥಿಗಳು ಬುಧವಾರ ಮಲಗುವುದಿಲ್ವಾ ಮಾರಾಯ್ರೆ? ಏಳೂ ದಿನ ಕೊಡುವುದಾದರೆ ಇನ್ನೂ ನಾಲ್ಕು ಲಾಡ್ಜಿನವರು ಕಾದು ಕೂತಿದ್ದಾರೆ. ನಿಮ್ಮ ಊರಿಗೆ ಬಾಯ್ಲರ್ ಹಾಕಿಸುವ ಜವಾಬ್ದಾರಿ ನನ್ನದು.”

ಬಾಯ್ಲರ್ ಎಂಬ ಮಾತು ನನ್ನ ಎದೆಗೆ ನಾಟಿತು. ಹೊಗೆ ಕುಡಿದು ಕುಡಿದು ಮರಿಯಪ್ಪನ ಕೆಮ್ಮು ಆ ವರ್ಷ ಬೇಸಿಗೆಯಲ್ಲೂ ನಿಂತಿರಲಿಲ್ಲ. ಆದರೆ ಎದ್ದು ಹೋಗುವ ಕೆರೆಯನ್ನು ಹಿಡಿದು ಕೂರಿಸುವುದು ಹೇಗೆ? ಬೇರೆ ಊರಿನವರಾಗಿದ್ದರೆ ಏನು ಯೋಚಿಸುತ್ತಿದ್ದರೋ ತಿಳಿಯದು. ನಾವು ಒಗೆಯುವವರು, ನಮಗೆ ತೋಚುವುದು ನಮ್ಮ ಕಸುಬಿನದೇ ಉಪಾಯ. ಹುಲ್ಲಿನ ಮೇಲೆ ಹರವಿದ ದುಪ್ಪಟಿ ಗಾಳಿಗೆ ಏಳುವಂತಿದ್ದರೆ ಏನು ಮಾಡುತ್ತೇವೆ? ನಾಲ್ಕು ಮೂಲೆಗೂ ಕಲ್ಲು ಹೇರುತ್ತೇವೆ. ಆ ಮಾತು ಮೊದಲು ಹೊರಟದ್ದು ನನ್ನ ಬಾಯಿಂದ. ಘಾಟಿನವರೆಲ್ಲ ಇಷ್ಟು ದಿನ ಇದು ತಮಗೇಕೆ ಹೊಳೆಯಲಿಲ್ಲವೆಂದು ತೊಡೆ ತಟ್ಟಿಕೊಂಡರು. ಮೂರು ಮನೆಯವರು ತಮ್ಮ ಕಲ್ಲು ಕೊಡಲು ಒಪ್ಪಿದರು. ನಾಲ್ಕನೆಯದು, ಎಲ್ಲಕ್ಕಿಂತ ಭಾರವಾದದ್ದು, ಅತ್ತೆಯದು.

“ಅತ್ತೆ, ವಾರದಾಗೆ ಒಂದ್ ದಿನ ಹೆಚ್ಗೆ ಒಗುದ್ರೆ ಊರೇ ಉದ್ಧಾರ ಆಯ್ತದೆ. ನಿಮ್ ಮಗ ಆ ಹೊಗೆ ಒಲೆ ಬುಟ್ಟು ಬಾಯ್ಲರ್ ಇಟ್ಕಬೋದು,” ಎಂದೆ.

“ಬಾಯ್ಲರ್ ಇಟ್ಕೊ, ಯಾರ್ ಬ್ಯಾಡ ಅಂದೋರು? ಕೆರೆನ್ಯಾಕೆ ಇಟ್ಕತೀಯ?” ಎಂದಳು ಅತ್ತೆ, ಎಲೆಗೆ ಸುಣ್ಣ ಸವರುತ್ತ.

“ಒಂದ್ ದಿನ ತವರಿಗೋಗ್ದಿದ್ರೆ ಏನಾಯ್ತದೆ? ನಾನ್ ಹೋಗಿ ವರ್ಸ ಆಯ್ತು.”

“ನಿನ್ ತವರು ಪಕ್ಕದ್ ಬೀದಿ ಕಣೆ. ನಿನ್ನ ಅಪ್ಪ ದಿನಾ ಬೆಳಿಗ್ಗೆ ನಮ್ ಜಗಲಿ ಮ್ಯಾಲೆ ಕುಂತು ಕಾಪಿ ಕುಡೀತಾನೆ,” ಎಂದು ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದ ಮೇಲೆ ನುಡಿದಳು: “ಕಲ್ಲು ಈ ಮನೇದು. ಮನೆ ನಡೆಸ್ತಿರೋಳು ನೀನು. ತಗೊಂಡೋಗು. ನನ್ನ ಒಂದ್ ಮಾತೂ ಕೇಳ್ಬ್ಯಾಡ. ನಾನೂ ನಿನ್ ತಾವ ಮಾತಾಡಕಿಲ್ಲ.”

ಹಾಗೆಂದವಳು ತಾಮ್ರದ ಬಿಂದಿಗೆ ಹಿಡಿದು ಕೆರೆಗೆ ಹೋಗಿ, ತುಂಬಿ ತಂದು, ಬಾಯಿಗೆ ಬಿಳಿ ಬಟ್ಟೆ ಬಿಗಿದು ತನ್ನ ಹಾಸಿಗೆಯ ತಲೆದೆಸೆಯಲ್ಲಿ ಇಟ್ಟುಕೊಂಡಳು. ಅಂದು ಸಂಜೆ ನಾವು ಗಾಡಿ ಕಟ್ಟಿ ನಾಲ್ಕು ಕಲ್ಲುಗಳನ್ನು ನಾಲ್ಕು ಮೂಲೆಗಳ ನೀರಿನಂಚಿಗೆ ಉರುಳಿಸಿದೆವು.

ಬುಧವಾರ ಬೆಳಿಗ್ಗೆ ಇಡೀ ಊರು ಏರಿಯ ಮೇಲೆ ನಿಂತಿತ್ತು. ಕಾಗೆ ಕೂಗಿತು. ಕೆರೆಯ ನಡು ಮೆಲ್ಲಗೆ ಉಬ್ಬಿತು. ಗಾಳಿ ತುಂಬಿದ ದುಪ್ಪಟಿಯ ಹಾಗೆ ತೆಂಗಿನಮರದೆತ್ತರಕ್ಕೆ ಎದ್ದಿತು. ಮೂಲೆಗಳು ಬಿಗಿದವು. ಕಲ್ಲುಗಳು ಕಿರ್ರೆಂದು ಒಂದು ಗೇಣು ಜರುಗಿದವು. ಮತ್ತೊಂದು ಸಲ ಎಳೆಯಿತು, ಇನ್ನೊಂದು ಸಲ. ಆಮೇಲೆ ಸದ್ದಿಲ್ಲದೆ ಕೆಳಗಿಳಿದು ಸಪಾಟಾಗಿ ಮಲಗಿಕೊಂಡಿತು. ಯಾರೋ ಕೇಕೆ ಹಾಕಿದರು. ನಾನೂ ಹಾಕಿದೆನೆಂದು ನೆನಪು. ಆದರೆ ದುಪ್ಪಟಿ ಎತ್ತಿಕೊಂಡು ಮೊದಲು ನೀರಿಗಿಳಿಯಲು ಮಾತ್ರ ಯಾರಿಗೂ ಕಾಲು ಬರಲಿಲ್ಲ. “ನೀನೇ ಇಳಿ” “ನೀನೇ ಇಳಿ” ಎಂದು ಒಬ್ಬರನ್ನೊಬ್ಬರು ತಳ್ಳಿಕೊಂಡು, ಕಡೆಗೆ ಎಲ್ಲರೂ ಒಟ್ಟಿಗೆ ಇಳಿದೆವು.

ಎರಡನೆಯ ಬುಧವಾರ ಕೆರೆ ಆಳೆತ್ತರಕ್ಕೆ ಎದ್ದಿತು. ಮೂರನೆಯದಕ್ಕೆ ಬರೀ ಮೈ ನಡುಗಿಸಿತು. ನಾಲ್ಕನೆಯ ವಾರದಿಂದ ಅದೂ ಇಲ್ಲ. ಊರಿಗೆ ಬಾಯ್ಲರ್ ಬಂತು. ಮರಿಯಪ್ಪನ ಕೆಮ್ಮು ಅರ್ಧಕ್ಕೆ ಇಳಿಯಿತು. ಬಟ್ಟೆ ಹೊರಲು ಸಣ್ಣ ಲಾರಿ ಬಂತು. ಬುಧವಾರದ ಹೂಳಿನ ಮಂಕರಿಗಳು ಹಿತ್ತಲಿನಲ್ಲಿ ಬೋರಲು ಬಿದ್ದವು. ನೀರಿರುವ ಕೆರೆಯಿಂದ ಹೂಳೆತ್ತುವುದು ಹೇಗೆ, ಎತ್ತಲು ಬಿಡುವಾದರೂ ಯಾರಿಗೆ? ಅತ್ತೆ ಮಾತ್ರ ನನ್ನೊಡನೆ ಆಡಬೇಕಾದುದನ್ನೆಲ್ಲ ಗೋಡೆಯೊಡನೆ ಆಡತೊಡಗಿದಳು. “ಗೋಡೆಯಪ್ಪಾ, ಸಾರಿಗೆ ಉಪ್ಪು ಸಾಲ್ದು ಅಂತ ಯಾರ್ಗಾದ್ರೂ ಹೇಳಪ್ಪಾ.” ನಾನು ಉಪ್ಪು ಹಾಕಿದರೆ, “ಅಬ್ಬಾ, ಗೋಡೆಗೂ ಕಿವಿ ಐತೆ,” ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಎಂಟನೆಯ ಬುಧವಾರ ಕಳೆದು ನಾಲ್ಕು ದಿನಕ್ಕೆ ಶೆಣೈಯವರು ಬಂದರು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದರು.

“ನಿದ್ದೆ ಇಲ್ಲ ಮಾರಾಯ್ರೆ,” ಎಂದು ಜಗಲಿಯ ಮೇಲೆ ಕುಸಿದರು. “ನನಗೊಬ್ಬನಿಗೇ ಅಲ್ಲ. ಒಂಬತ್ತು ಲಾಡ್ಜಿನಲ್ಲೂ ಯಾರಿಗೂ ಇಲ್ಲ. ಎಲ್ಲ ಎದ್ದು ಕಾರಿಡಾರಿನಲ್ಲಿ ಮೆರವಣಿಗೆ ಹೊರಟ ಹಾಗೆ ತಿರುಗುತ್ತಾರೆ. ನಿನ್ನೆ ಒಬ್ಬರು ನನ್ನ ಕೌಂಟರಿಗೆ ಬಂದು ಕೂತು ತಮ್ಮ ತಂಗಿಯ ಮದುವೆ ಮುರಿದ ಕಥೆಯನ್ನು ಬೆಳಗಿನ ತನಕ ಹೇಳಿದರು. ನಿಮ್ಮ ದುಪ್ಪಟಿಗೆ ಏನು ಹಾಕ್ತಿದ್ದೀರಿ?”

ಆ ಒಂದು ತಿಂಗಳಿಂದ ನಮ್ಮ ಊರಿನಲ್ಲೂ ಎಲ್ಲರಿಗೂ ಬೆಳಗಾಗುವ ಮೊದಲೇ ಎಚ್ಚರವಾಗುತ್ತಿತ್ತು. ದುಡಿಮೆಯ ಹುರುಪೆಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ನಾನು ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಹಳೆಯ ದುಪ್ಪಟಿಯನ್ನೂ, ಅಂದೇ ಇಸ್ತ್ರಿಯಾದ ಹೊಸದೊಂದನ್ನೂ ತಂದೆ. ಹೊಸದನ್ನು ಜಗಲಿಯ ಮೇಲೆ ಹಾಸಿ, “ಒಂದ್ ಗಳಿಗೆ ಒರಗಿ ಸ್ವಾಮಿ,” ಎಂದೆ. ಶೆಣೈಯವರು ಒರಗಿದರು. ಬಿಳುಪಿನಲ್ಲಿ, ಗಂಜಿಯ ಗರಿಗರಿಯಲ್ಲಿ ಆ ದುಪ್ಪಟಿಗೆ ಹೆಸರಿಡುವಂತಿರಲಿಲ್ಲ. ಆದರೂ ಅವರು ಜಂತೆಗಳನ್ನು ಎಣಿಸುತ್ತ, ಎಡಕ್ಕೆ ಬಲಕ್ಕೆ ಹೊರಳುತ್ತ, ತಮ್ಮ ಬಾಲ್ಯದಲ್ಲಿ ಮಾಡಿದ ಒಂದು ಸಣ್ಣ ಕಳ್ಳತನವನ್ನು ನೆನೆದು ಪರಿತಪಿಸತೊಡಗಿದರು. ಅದನ್ನು ಎಳೆದು, ಕಲ್ಲು ಹೇರುವ ಮೊದಲು ಒಗೆದಿಟ್ಟಿದ್ದ ಹಳೆಯ ದುಪ್ಪಟಿಯನ್ನು ಹಾಸಿದೆ. “ಇದೂ ಅದೇ ಅಲ್ವಾ…” ಎಂದವರ ಮಾತು ಪೂರ್ತಿಯಾಗಲಿಲ್ಲ. ಗೊರಕೆ ಬೀದಿಯ ಕೊನೆಯವರೆಗೆ ಕೇಳಿಸಿತು.

ಒಳಗಿನಿಂದ ಅತ್ತೆಯ ಧ್ವನಿ ಬಂತು. “ಗೋಡೆಯಪ್ಪಾ, ತಾನೇ ಮಲಗ್ದೇ ಇರೋರು ಊರ್ನೆಲ್ಲಾ ಹೆಂಗಪ್ಪಾ ಮಲಗಿಸ್ತಾರೆ?”

ನಾನು ಕೆರೆಗೆ ಓಡಿದೆ. ಅಷ್ಟು ದಿನ ದುಪ್ಪಟಿಗಳ ಬಿಳುಪನ್ನು ನೋಡಿದ್ದೆನೇ ಹೊರತು ಕೆರೆಯ ಮುಖ ನೋಡಿರಲಿಲ್ಲ. ನೀರು ಮುಟ್ಟಿದರೆ ಜ್ವರ ಬಂದ ಹಣೆಯಂತೆ ಬೆಚ್ಚಗಿತ್ತು. ಮೊದಲು ಎದೆಮಟ್ಟ ಇದ್ದಲ್ಲಿ ಈಗ ಮೊಳಕಾಲು ಮುಳುಗುತ್ತಿರಲಿಲ್ಲ. ಎತ್ತದೆ ಬಿಟ್ಟ ಹೂಳು ಬೆರಳ ಸಂದಿಯಲ್ಲಿ ನುಸುಳಿತು. ಮೀನುಗಳು ಓಡಾಡದೆ, ಬಾಯಿ ತೆರೆದು ಒಂದೇ ಕಡೆ ತೂಗಾಡುತ್ತಿದ್ದವು. ನಾನು ಗುರುತು ಓದುವವಳು. ನೂರು ಬಟ್ಟೆಗಳ ನಡುವೆ ಒಂದರ ಅಂಚಿನ ಚುಕ್ಕೆ ತಪ್ಪಿದ್ದರೂ ಹಿಡಿಯುವವಳು. ಇಷ್ಟು ದೊಡ್ಡ ಗುರುತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಂಜೆ ಘಾಟಿನಲ್ಲಿ ಸಭೆ ಸೇರಿತು. ಕಲ್ಲು ತೆಗೆಯಲೇಬೇಕೆಂದು ನಾನು ಹೇಳಿದೆ. ಮರಿಯಪ್ಪನಿಗೆ ಬಾಯ್ಲರಿನ ಆಸೆ ಬಿಡದು. “ಆತುರ ಯಾಕೆ? ನಿದ್ದೆ ಬ್ಯಾಡದೋರ ಬಟ್ಟೆನೇ ಹಿಡಿಯಾನ. ಪರೀಕ್ಷೆಗೆ ಓದೋ ಮಕ್ಕಳವು, ತೋಟ ಕಾಯೋರವು,” ಎಂದ. ಜನ ನಕ್ಕರು, ಆದರೆ ಆ ನಗುವಿನೊಳಗೆ ಒಂದು ಹೆದರಿಕೆಯಿತ್ತು. ಇಟ್ಟಿಗೆ ಭಟ್ಟಿಯಿಂದ ಮರಳಿದ್ದವನೊಬ್ಬ ಅದನ್ನು ಬಾಯಿಬಿಟ್ಟು ಹೇಳಿದ: “ಕಲ್ಲು ತೆಗೆದ್ರೆ ಕೆರೆ ಹೋಯ್ತದೆ, ಸರಿ. ಬರದೆ ಹೋದ್ರೆ? ಕಟ್ಟಾಕ್ದೋರ ಮನೆಗೆ ಯಾರಕ್ಕಾ ತಿರುಗ್ ಬತ್ತಾರೆ? ನಮ್ಗೆ ಇನ್ನೊಂದ್ ಸಲ ಊರು ಬುಡೋ ಸಕ್ತಿ ಇಲ್ಲ.”

ಕೆರೆ ಬಾರದಿದ್ದರೆ ನಲವತ್ತೆರಡು ಮನೆಗಳೂ ಗಂಟು ಕಟ್ಟಬೇಕು; ಕಲ್ಲಿನ ಮಾತು ಮೊದಲು ಆಡಿದವಳು ನಾನು. “ಬರದಿದ್ರೆ ನಾನೇ ಗುಡ್ಡದಾಚೆಗೋಗಿ ಕಾಲ್ ಹಿಡಿದು ಕರ್ಕೊಂಡ್ ಬತ್ತೀನಿ,” ಎಂದೆ. ಕೆರೆಯ ಕಾಲು ಯಾವುದೆಂದು ಯಾರೂ ಕೇಳಲಿಲ್ಲ.

ಮಂಗಳವಾರ ಸಂಜೆ ಕಲ್ಲುಗಳನ್ನು ಎಳೆದೆವು. ಮೂರು ಸುಲಭವಾಗಿ ಬಂದವು. ಅತ್ತೆಯದು ಹೂಳಿನಲ್ಲಿ ಅರ್ಧ ಹೂತುಹೋಗಿತ್ತು. ಹಗ್ಗ ಕಟ್ಟಿ ಹದಿನಾರು ಜನ ಜಗ್ಗಿದ ಮೇಲೆ ಅಲುಗಿತು. ಬುಧವಾರ ಕಾಗೆ ಕೂಗಿದಾಗ ಕೆರೆ ಏಳಲಿಲ್ಲ. ಎರಡನೆಯ ಕಾಗೆ ಕೂಗಿತು. ಬಿಡುಗಡೆಯಾದದ್ದು ಅದಕ್ಕೆ ತಿಳಿದಿಲ್ಲವೇನೋ ಎಂದು ನಾನು ನೀರಿಗಿಳಿದು ಒಂದು ಮೂಲೆಯ ಅಂಚನ್ನು ಎರಡು ಕೈಯಲ್ಲಿ ಹಿಡಿದು, ದುಪ್ಪಟಿ ಕೊಡವುವಂತೆ ಮೆಲ್ಲಗೆ ಕೊಡವಿದೆ. ಒಂದು ಅಲೆ ಓಡಿ ಆಚೆ ದಡ ಮುಟ್ಟಿ ಮರಳಿ ಬಂತು. ಆಗ ಎದ್ದಿತು, ಹೆಜ್ಜೆ ತಪ್ಪುವ ಮುದುಕಿಯಂತೆ, ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ಹುಣಸೆಮರಗಳಿಗೆ ಒರಗಿ ಒರಗಿ ಗುಡ್ಡವನ್ನು ದಾಟಿತು. ಹಿಂದಿರುಗಿ ನೋಡಲಿಲ್ಲ.

ಗುರುವಾರ ಕೆರೆ ಬರಲಿಲ್ಲ.

ಎಲ್ಲರೂ ಏರಿಯ ಮೇಲೆ ಬಿಸಿಲು ನೆತ್ತಿಗೇರುವವರೆಗೆ ನಿಂತಿದ್ದೆವು. ಆಗ ನಿವೃತ್ತ ಪೋಸ್ಟ್‌ಮಾಸ್ತರ್ ಅಶ್ವತ್ಥಯ್ಯನವರು ಕೋಟಿನ ಜೇಬಿನಿಂದ ಕನ್ನಡಕ ತೆಗೆದು, “ಗಾಬರಿ ಬೇಡ,” ಎಂದರು. “ಇದರಲ್ಲಿ ಮುನಿಸು ಗಿನಿಸು ಏನೂ ಇಲ್ಲ, ಶುದ್ಧ ಆಫೀಸು ವಿಚಾರ. ಎಂಟು ರಜೆ ನೀವು ತಡೆಹಿಡಿದಿರಿ. ಅವಕ್ಕೆ ಗಳಿಕೆ ರಜೆ ಅಂತ ಹೆಸರು. ಅದನ್ನ ಕೆರೆ ಈಗ ಒಟ್ಟಿಗೆ ತಗೊಂಡಿದೆ. ನಿನ್ನೆಯದೊಂದು, ಹಳೆಯವು ಎಂಟು. ಮುಂದಿನ ಶುಕ್ರವಾರ ಬೆಳಿಗ್ಗೆ ಡ್ಯೂಟಿಗೆ ಹಾಜರು. ನಾನು ಮೂವತ್ತನಾಲ್ಕು ವರ್ಷ ರಜೆ ಅರ್ಜಿ ನೋಡಿದವನು!” ಅವರ ಮಾತು ಊರಿಗೆ ಊರೇ ನಂಬಿತು. ನಾನಂತೂ ಮುಳುಗುವವಳು ಕಡ್ಡಿ ಹಿಡಿದಂತೆ ಅದನ್ನು ಹಿಡಿದುಕೊಂಡೆ.

ಆ ಎಂಟು ದಿನ ಊರೆಲ್ಲ ಬತ್ತಿದ ಕೆರೆಯಲ್ಲೇ ಕಳೆಯಿತು. ಬೋರಲು ಬಿದ್ದಿದ್ದ ಮಂಕರಿಗಳನ್ನು ಕೊಡವಿ, ತಪ್ಪಿದ ಎಂಟು ವಾರಗಳ ಹೂಳೆತ್ತಿದೆವು. ಕುಡಿಯಲು ಮಾತ್ರ ಎರಡು ಮೈಲಿ ದೂರದ ಒರತೆಯಿಂದ ಚೊಂಬುಚೊಂಬಾಗಿ ತೋಡಿ ತರಬೇಕಿತ್ತು. ಭಾನುವಾರ ಶೆಣೈಯವರೂ ಬಂದರು. ಪಂಚೆ ಎತ್ತಿ ಕಟ್ಟಿ, ತಾವೂ ಒಂದು ಮಂಕರಿ ಹೊತ್ತು, ಮೂರೇ ಹೆಜ್ಜೆಗೆ ಜಾರಿ ಹೂಳಿನಲ್ಲಿ ಕೂತರು. “ಕೆರೆ ಬರಲಿ ತಾಯಮ್ಮ, ಆರೇ ದಿನ ಸಾಕು,” ಎಂದರು ಕೂತಲ್ಲಿಂದಲೇ. “ಬುಧವಾರ ಹಾಸಿಗೆ ಬದಲಿಸುವುದಿಲ್ಲ ಅಂತ ಒಂಬತ್ತು ಲಾಡ್ಜಿಗೂ ಬೋರ್ಡು ಹಾಕಿಸ್ತೇನೆ. ಅಂದು ಹರಿದ ಹಾಸುಗಳನ್ನೆಲ್ಲ ಕಳಿಸ್ತೇನೆ, ಕೂತು ಹೊಲಿದುಕೊಡಿ. ಇಷ್ಟು ದಿನ ಅವನ್ನೆಲ್ಲ ಸುಮ್ಮನೆ ಎಸೆದೆ ನೋಡಿ, ಎಂಥ ಮರ್ಲು!” ಮಾತು ಚೆನ್ನಾಗಿತ್ತು. ಆದರೆ ಹೊಲಿಯುವುದಕ್ಕೆ ಊರು ಉಳಿಯಬೇಕಲ್ಲ.

ಬಾಯಾರಿದ ಆ ದಿನಗಳಲ್ಲಿ ಎಲ್ಲರ ಕಣ್ಣೂ ಅತ್ತೆಯ ತಾಮ್ರದ ಬಿಂದಿಗೆಯ ಮೇಲಿತ್ತು. ಕಲ್ಲು ಹೇರುವ ಮೊದಲು ತುಂಬಿಟ್ಟ ಕೆರೆಯ ನೀರು. ಊರಿನಲ್ಲಿ ಉಳಿದದ್ದು ಅದೊಂದೇ. ಅವಳು ಒಂದು ಲೋಟವನ್ನೂ ಯಾರಿಗೂ ಕೊಡಲಿಲ್ಲ. ಮಂಗಳವಾರ ಹೂಳು ಹೊತ್ತು ಬಂದ ಮರಿಯಪ್ಪ, “ಅವ್ವಾ, ಒಂದ್ ಗುಟುಕು,” ಎಂದು ಕೈಯೊಡ್ಡಿದ. “ಒರತೆ ನೀರ್ ಕುಡಿ,” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ಮಗನಿಗಿಲ್ಲದ ನೀರು ಇನ್ನಾರಿಗೆ ಎಂದು ನಾನೂ ಗೋಡೆಯನ್ನೇ ಕೇಳಿದೆ. ಗೋಡೆ ಸುಮ್ಮನಿತ್ತು.

ಶುಕ್ರವಾರ ಬಂತು. ಕಾಗೆ ಕೂಗಿತು. ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಅಂಚು ಕಂಡಿತು. ಎಲ್ಲರೂ ಒಮ್ಮೆಲೇ ಎದ್ದು ನಿಂತೆವು. ಅದು ಮೋಡ. ಬಿಸಿಲೇರಿತು. ಅಶ್ವತ್ಥಯ್ಯನವರು ಬೆರಳು ಮಡಚಿ ಬಿಡಿಸಿ ಎಣಿಸಿದರು, ಮತ್ತೆ ಎಣಿಸಿದರು, ಕನ್ನಡಕವನ್ನು ಜೇಬಿಗೆ ಹಾಕಿಕೊಂಡರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಭಟ್ಟಿಯಿಂದ ಮರಳಿದ್ದ ಸಂಸಾರವೊಂದು ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿತು. ನಾನು ಮನೆಗೆ ಬಂದು ಚಪ್ಪಲಿ ಮೆಟ್ಟಿ, ಒಂದು ಬುತ್ತಿ ಕಟ್ಟಿಕೊಂಡು ಹೊರಟೆ.

“ಎಲ್ಲಿಗೆ?” ಎಂದಳು ಅತ್ತೆ. ಗೋಡೆಯನ್ನಲ್ಲ, ನನ್ನನ್ನು. ಒಂಬತ್ತು ವಾರಗಳ ಮೇಲೆ.

“ಗುಡ್ಡದಾಚೆಗೆ. ಕೆರೆ ಕರ್ಕೊಂಡ್ ಬರಕ್ಕೆ. ಇವತ್ತು ಬತ್ತದೆ ಅಂದ್ರು, ಬರ್ಲಿಲ್ಲ ಅತ್ತೆ.”

“ಇವತ್ತ್ ಯಾವ್ ವಾರ?”

“ಶುಕ್ರವಾರ.”

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿನ್ನ ಹೆತ್ತೋಳು ಏನ್ ಕಲಿಸಿದ್ಲೇ ನಿಂಗೆ? ಶುಕ್ರವಾರ ಯಾವ್ ತವರೋರು ಹೆಣ್ಣ್ ಮಗಳ್ನ ಕಳಿಸ್ತಾರೆ? ಆ ಪೋಸ್ಟ್‌ಮಾಸ್ತರ ಗಂಡಸು, ಅವ್ನ್ ಲೆಕ್ಕ ಕಾಗದದ್ದು. ನೀವ್ ಹೆಂಗಸ್ರಿಗೇನಾಗಿತ್ತು ದಾಡಿ? ಬುಚ್ಚು ಆ ಚಪ್ಲಿ. ಗಂಟು ಕಟ್ಟೋರ್ಗೂ ಹೇಳೋಗು. ಬೆಳಿಗ್ಗೆ ಬೇಗ ಏಳ್ಬೇಕು.”

ನಾನು ಚಪ್ಪಲಿ ಬಿಚ್ಚಿದೆ. ಬೀದಿಯಲ್ಲಿ ಓಡಿ ಹೇಳಿದೆ. ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. ತುಂಬಿದ ಗೋಣಿ ಅಲ್ಲೇ ಕೂತಿತು. ಅದರಿಂದ ಅನ್ನದ ಪಾತ್ರೆಯೊಂದು ಮಾತ್ರ ಹೊರಗೆ ಬಂತು.

ಶನಿವಾರ ಬೆಳಿಗ್ಗೆ ಅತ್ತೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಳ್ಳೆಯ ಸೀರೆಯುಟ್ಟು, ಬಿಂದಿಗೆಯನ್ನು ಸೊಂಟಕ್ಕೇರಿಸಿ ಏರಿಯತ್ತ ನಡೆದಳು. ಹಿಂದೆ ನಾನು, ನನ್ನ ಹಿಂದೆ ಮರಿಯಪ್ಪ. ತನ್ನ ಕಲ್ಲು ಹೂತಿದ್ದ ಮೂಲೆಯಲ್ಲಿ ಅವಳು ನಿಂತಳು. ಅಲ್ಲಿನ ಗುಂಡಿಯನ್ನು ನಾವು ಮುಚ್ಚಿದ್ದೆವು. ಆದರೂ ಮಣ್ಣಿನ ಬಣ್ಣ ಬೇರೆಯಾಗಿ, ಆ ಜಾಗದಲ್ಲಿ ಏನೋ ಇತ್ತೆಂಬುದು ಕಾಣುತ್ತಿತ್ತು. ಕಾಗೆ ಕೂಗಿತು. ಕಪ್ಪೆಗಳು ಒಮ್ಮೆಲೇ ಒದರತೊಡಗಿದವು.

ಗುಡ್ಡದ ನೆತ್ತಿಯಲ್ಲಿ ಬಿಳಿ ಅಂಚೊಂದು ಮೂಡಿತು. ಈ ಸಲ ಅದು ಹೊಳೆಯಿತು. ಹೋಗುವಾಗ ಮುಗ್ಗರಿಸಿದ್ದ ಕೆರೆ ಬರುವಾಗ ಮೈ ತುಂಬಿಕೊಂಡು, ಸೆರಗು ಬೀಸುತ್ತ ಬಂತು. ಮಡಿಲ ತುಂಬ ಏನೇನೋ ಕಟ್ಟಿಸಿಕೊಂಡು ಬಂದಿತ್ತು: ನಾವು ಕಂಡರಿಯದ ನೀಲಿ ಹೂವು, ಕೆಂಪು ರೆಕ್ಕೆಯ ಮೀನು, ಹೆಸರು ತಿಳಿಯದ ಯಾವುದೋ ಮರದ ಎಲೆ. ಹುಣಸೆಮರಗಳನ್ನು ದಾಟಿ, ಬತ್ತಿದ ಅಂಗಳದ ಮೇಲೆ ಬಂದು ನಿಂತಿತು. ಇಳಿಯಲಿಲ್ಲ. ಒಂದೊಂದಾಗಿ ನಾಲ್ಕು ಮೂಲೆಗಳನ್ನೂ ಬಗ್ಗಿ ನೋಡಿತು. ನಮ್ಮ ಮೂಲೆಯ ಮೇಲೆ ಬಂದಾಗ ಅಲ್ಲೇ ತಡೆದು, ಒಂದಿಷ್ಟು ಹಿಂದೆ ಸರಿಯಿತು. ನಲವತ್ತೆರಡು ಮನೆಯವರ ಉಸಿರು ನನ್ನ ಬೆನ್ನ ಹಿಂದೆ ನಿಂತುಹೋಯಿತು.

ಅತ್ತೆ ಬಿಂದಿಗೆಯ ಬಟ್ಟೆ ಬಿಚ್ಚಿದಳು. “ಊರಿಂದ ಬಂದೋರ್ಗೆ ಮೊದ್ಲು ಏನ್ ಕೊಡ್ಬೇಕು?” ಎಂದಳು ನನ್ನ ಕಡೆ ತಿರುಗಿ.

“ಕಾಲಿಗೆ ನೀರು,” ಎಂದೆ. ಆಗ ತಿಳಿಯಿತು ನನಗೆ, ಮಗನಿಗೂ ಇಲ್ಲದ ನೀರು ಯಾರಿಗೆಂದು.

“ತಗೊ, ನೀನೇ ಹಾಕು. ಕಲ್ಲಿಟ್ಟೋಳು ನೀನು.”

ಬಿಂದಿಗೆ ಭಾರವಾಗಿತ್ತು. ನಾನು ಹೂಳಿಗಿಳಿದು, ಕಲ್ಲಿನ ಗುರುತಿದ್ದ ಜಾಗದಲ್ಲಿ ಮೊಣಕಾಲೂರಿ ನಿಧಾನವಾಗಿ ನೀರು ಸುರಿದೆ. ತಲೆಯೆತ್ತಲು ಧೈರ್ಯವಾಗಲಿಲ್ಲ. “ಬಾರವ್ವ,” ಎಂದೆ, “ದಣಿದಿದೀಯ.” ಬಿಂ‌ದಿಗೆಯ ಕೊನೆಯ ಹನಿ ಬೀಳುವವರೆಗೂ ಏನೂ ಆಗಲಿಲ್ಲ. ಆಮೇಲೆ ನೆತ್ತಿಯ ಮೇಲೆ ನೆರಳು ತಂಪಾಯಿತು, ಒಗೆದ ದುಪ್ಪಟಿಯ ವಾಸನೆ ಬಂತು, ಕೆರೆ ಆ ಮೂಲೆಯಿಂದಲೇ ಇಳಿಯತೊಡಗಿತು. ಊರಿನಲ್ಲಿ ಮೊದಲು ಒದ್ದೆಯಾದದ್ದು ನನ್ನ ಕಾಲು.